ಕೌಜುಗವೋ, ಲಾವಕ್ಕಿಯೋ?

ಸೇಡಂ, ಚಿತ್ತಾಪುರದ ತೊಗರಿ ಹೊಲದ ಬದುವಿನಲ್ಲಿ ಕಾಲ ಬುಡದಿಂದಲೇ ಬುರ್ರನೆ ಏಳುವ ಹಕ್ಕಿ ಯಾವುದು? ಸುಮಾರು 30 ಸೆಂ.ಮೀ. ಉದ್ದವಿದ್ದು, ಹಾರುವುದಕ್ಕಿಂತ ಓಡಿ ಪೊದೆ ಸೇರುವುದೇ ಹೆಚ್ಚಾದರೆ ಅದು ಬೂದು ಕೌಜುಗ. ಗಂಡಿನ ಕಾಲಲ್ಲಿ ಹುಂಜದಂತೆ ಚೂಪು ಮುಳ್ಳು. ಬೆಳಗಾದರೆ ‘ಕ-ತೀ-ತರ್’ ಎಂದು ದೂರಕ್ಕೂ ಕೇಳುವ ಕೂಗು. ದಿನವೆಲ್ಲ ನೆಲದ ಮೇಲಿದ್ದರೂ ರಾತ್ರಿ ಮಲಗುವುದು ಮುಳ್ಳುಗಿಡದ ಕೊಂಬೆಯಲ್ಲಿ!

ಮಳೆ ಲಾವಕ್ಕಿ ಹೆಚ್ಚುಕಡಿಮೆ ಇದರ ಅರ್ಧದಷ್ಟು. ಗಂಡಿನ ಎದೆ ಮೇಲೆ ಕಪ್ಪು ಮಚ್ಚೆ. ಮುಂಗಾರಿನಲ್ಲಿ ಹುಲ್ಲಿನೊಳಗಿಂದ ‘ವಿಟ್-ವಿಟ್’ ಎನ್ನುತ್ತದೆ. ಕಿವಿಗೆ ಸಿಕ್ಕಷ್ಟು ಕಣ್ಣಿಗೆ ಸಿಗದು. ಎರಡೂ ನೆಲದ ಗುಳಿಯಲ್ಲೇ ಮೊಟ್ಟೆಯಿಡುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಎರಡರ ಬೇಟೆಯೂ ಅಪರಾಧ. ಫಾರಂಗಳಲ್ಲಿ ಸಾಕುವ ಲಾವಕ್ಕಿಯ ಮಾತು ಬೇರೆ, ಅದು ಜಪಾನ್ ಜಾತಿಯದು.