ಹುಣಸೆಗಿರುವ ಕಾವಲು ಕೋತಿಗಿಲ್ಲ

ಬಂಗಾರಪೇಟೆ ಜಂಕ್ಷನ್‌ನಿಂದ ಮಾರಿಕುಪ್ಪಂಗೆ ಹೊರಟ ರೈಲು ಕೋರಮಂಡಲ್, ಊರಿಗಾಂ, ಚಾಂಪಿಯನ್ ಎಂದು ಗಣಿಗಳ ಹೆಸರು ಹೊತ್ತ ನಿಲ್ದಾಣಗಳನ್ನು ಹಾದು ಹೋಗುತ್ತದೆ. 2001ರ ಫೆಬ್ರುವರಿ 28ರಂದು ಕೋಲಾರದ ಈ ಚಿನ್ನದ ಗಣಿ (ಕೆಜಿಎಫ್) ಮುಚ್ಚಿತು. ಸೈನೈಡ್ ದಿಬ್ಬಗಳು ಉಳಿದವು. ಚಿನ್ನದ ಕಥೆ ಎಲ್ಲರಿಗೂ ಗೊತ್ತು, ಅದು ಇರಲಿ. ಈ ಬಯಲುಸೀಮೆಯಲ್ಲಿ ಯಾರೂ ತಿರುಗಿ ನೋಡದಷ್ಟು ಸಾಮಾನ್ಯವಾದ ಎರಡು ಜೀವಗಳಿವೆ: ಹುಣಸೆ ಮರ, ನಡುನೆತ್ತಿಯಲ್ಲಿ ಬೈತಲೆ ತೆಗೆದಂತೆ ಕೂದಲಿರುವ ನಮ್ಮ ಕೋತಿ. ಹುಣಸೆ ಆಫ್ರಿಕಾ ಮೂಲದ್ದು, ಎಂದೋ ಬಂದು ನಮ್ಮ ಸಾರಿನೊಳಗೆ ಸೇರಿಕೊಂಡಿತು. ಈಗ ಸಂಬಾರ ಮಂಡಳಿಯ 52 ಪದಾರ್ಥಗಳ ಪಟ್ಟಿಯಲ್ಲಿದೆ. ಕೋತಿಯಾದರೋ ದಕ್ಷಿಣ ಭಾರತದಲ್ಲಷ್ಟೇ ಇರುವ ಜೀವಿ. ಆದರೂ ಹೊರಗಿನದು ಮನೆಯದಾಯಿತು, ಮನೆಯದು ಕಾಟವಾಯಿತು. ಬೇಸಿಗೆಗೆ ಮುಂಚೆ ಕಾಯಿ ಬಡಿದು, ಸಿಪ್ಪೆ ಸುಲಿದು, ಬೀಜ ಬಿಡಿಸಿ ಮಾರುವವರಿರುವುದರಿಂದ ಹುಣಸೆಗೆ ಒಡೆಯನಿದ್ದಾನೆ. ಕೋತಿಗೆ ಆ ಕಾವಲಿಲ್ಲ.

‘ಕೋತಿ ಕಡಿಮೆಯೇ? ಕೋಲಾರದ ಅಂತರಗಂಗೆ ಬೆಟ್ಟಕ್ಕೆ ಹೋಗಿ ನೋಡಿ’ ಎನ್ನುವವರಿದ್ದಾರೆ. ತಿಂಡಿ ಸಿಗುವಲ್ಲಿ ಗುಂಪು ಕೂಡಿದ್ದನ್ನು ಕಂಡು ಸಂತತಿ ಹೆಚ್ಚಿತು ಎನ್ನಲಾಗದು. ಮೈಸೂರು ಸುತ್ತಮುತ್ತ 25 ವರ್ಷಗಳಲ್ಲಿ ಇವುಗಳ ಸಂಖ್ಯೆ ಶೇ 65ಕ್ಕೂ ಹೆಚ್ಚು ಕುಸಿದಿದೆ ಎಂದು 2017ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಈ ಕೋತಿಯನ್ನು ಅಪಾಯಕ್ಕೀಡಾಗಬಲ್ಲ ಪ್ರಭೇದಗಳ ಸಾಲಿಗೆ ಸೇರಿಸಿದೆ. ಕಾರಣ ದೂರದಲ್ಲಿಲ್ಲ. ಸಾಲುಮರಗಳು ರಸ್ತೆ ಅಗಲೀಕರಣಕ್ಕೆ ಬಿದ್ದವು, ಆಲ, ಅತ್ತಿ ಹೋದವು. ಕೋತಿ ಹುಣಸೆಕಾಯಿ ಕಚ್ಚಿ, ತಿರುಳನ್ನು ಕೆನ್ನೆಚೀಲಕ್ಕೆ ತುಂಬಿ, ಬೇರೆಡೆ ಕೂತು ಬೀಜ ಉಗುಳುತ್ತದೆ. ಮರ ಹೋದರೆ ಅದು ಬರುವುದು ಟೊಮೆಟೊ ತೋಟಕ್ಕೇ.

ರೈತನ ನಷ್ಟ ಸುಳ್ಳಲ್ಲ, ಪರಿಹಾರ ಸಿಗಲೇಬೇಕು. ಆದರೆ ಹಿಡಿದು ಬೇರೆ ಊರಿಗೆ ಬಿಡುವುದರಿಂದ ಕಾಟದ ವಿಳಾಸ ಬದಲಾಗುತ್ತದೆ, ಅಷ್ಟೆ. ಬೋನಿಗೆ ಸುರಿಯುವ ಹಣದಲ್ಲಿ ಬಂಗಾರಪೇಟೆ–ಕೆಜಿಎಫ್ ನಡುವಿನ ಹಳ್ಳಿ ರಸ್ತೆಗಳಿಗೆ ಆಲ, ಅತ್ತಿ, ಹುಣಸೆ ಸಾಲು ಬೆಳೆಸಲಿ. ಬೆಟ್ಟಕ್ಕೆ ಹೋಗುವವರು ಬಿಸ್ಕತ್ತಿನ ಪೊಟ್ಟಣವನ್ನು ಚೀಲದಲ್ಲೇ ಇಟ್ಟುಕೊಳ್ಳಲಿ.