ರೇಷ್ಮೆ ಬಿತ್ತನೆ ಕೋಠಿಯ ಸೂಕ್ಷ್ಮದರ್ಶಕ ಕೊಠಡಿ

ರೇಷ್ಮೆ ಬಿತ್ತನೆ ಕೋಠಿಯ ಸೂಕ್ಷ್ಮದರ್ಶಕ ಕೊಠಡಿ ಎಂಬುದು ತಾಯಿ ಚಿಟ್ಟೆಗಳಲ್ಲಿ ಗಂಟುರೋಗವಿದೆಯೇ ಎಂದು ಹಲವು ಪರೀಕ್ಷಕರು ಒಟ್ಟಿಗೆ ಕುಳಿತು ಪರೀಕ್ಷಿಸುವ ಸ್ಥಳ. ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು, ಯಳಂದೂರು ಮುಂತಾದ ರೇಷ್ಮೆ ಸೀಮೆಗಳ ಬೆಳೆಗಾರರಿಗೆ ರೋಗರಹಿತ ಮೊಟ್ಟೆ ದೊರೆಯುವುದು ಇಂತಹ ಕೊಠಡಿಗಳ ಪರೀಕ್ಷೆಯ ಬಲದಿಂದ. ಹನೂರನ್ನೂ ಒಳಗೊಂಡಿದ್ದ ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಯಳಂದೂರು ಮೈಸೂರು ಸಂಸ್ಥಾನಕ್ಕೆ ಸೇರಿತ್ತು.

ಪರೀಕ್ಷೆಯ ಸ್ವರೂಪ

ಗಂಟುರೋಗಕ್ಕೆ ಕಾರಣ ನೊಸಿಮಾ ಬಾಂಬಿಸಿಸ್ ಎಂಬ ಪರಾವಲಂಬಿ ಸೂಕ್ಷ್ಮಜೀವಿ. ಇದು ತಾಯಿಯಿಂದ ಮೊಟ್ಟೆಯ ಮೂಲಕವೇ ಮರಿಹುಳುವಿಗೆ ದಾಟುತ್ತದೆ. ಸೋಂಕಿತ ಮೊಟ್ಟೆಯನ್ನು ಬರಿಗಣ್ಣಿನಿಂದ ಗುರುತಿಸಲಾಗದು. ಆದ್ದರಿಂದ ಮೊಟ್ಟೆಯಿಟ್ಟ ಚಿಟ್ಟೆಯನ್ನೇ ಪರೀಕ್ಷಿಸಿ, ರೋಗ ಕಂಡರೆ ಅದರ ಮೊಟ್ಟೆಗಳನ್ನು ನಾಶಪಡಿಸುವ ಕ್ರಮವನ್ನು ಲೂಯಿ ಪಾಶ್ಚರ್ 1865ರಿಂದ 1870ರ ಅವಧಿಯಲ್ಲಿ ಫ್ರಾನ್ಸಿನಲ್ಲಿ ರೂಪಿಸಿದರು. ಇಂದಿಗೂ ತತ್ತ್ವ ಅದೇ.

ಚಿಟ್ಟೆಯನ್ನು ಪೊಟ್ಯಾಸಿಯಂ ಕಾರ್ಬೊನೇಟಿನ ತೆಳು ದ್ರಾವಣದಲ್ಲಿ ಅರೆದು, ಅದರ ಒಂದು ಹನಿಯನ್ನು ಸುಮಾರು 600 ಪಟ್ಟು ಹಿಗ್ಗಿಸಿ ನೋಡಲಾಗುತ್ತದೆ. ಬೀಜಾಣುಗಳು 3ರಿಂದ 4 ಮೈಕ್ರೊಮೀಟರ್ ಉದ್ದದ, ಹೊಳೆಯುವ ಅಂಡಾಕಾರದ ಕಣಗಳು. ಸಾಮಾನ್ಯವಾಗಿ ಬಣ್ಣ ಹಾಕುವುದಿಲ್ಲ. ಪರೀಕ್ಷಕರಿಗೆ ಸಿಗುವ ಸುಳಿವೆಂದರೆ ಆಕಾರ ಮತ್ತು ಹೊಳಪು ಮಾತ್ರ.

ಬೆಳಕಿನ ನಿಯಂತ್ರಣ

ಬಣ್ಣವಿಲ್ಲದ ಕಣ ಎದ್ದು ಕಾಣಲು ಕಂಡೆನ್ಸರಿನ ಡಯಾಫ್ರಮನ್ನು ಸ್ವಲ್ಪ ಮುಚ್ಚಬೇಕು. ಆಗ ದೃಶ್ಯ ಮಸುಕಾಗುತ್ತದೆ. ಕೊಠಡಿ ಪ್ರಖರವಾಗಿದ್ದರೆ ಪರೀಕ್ಷಕರ ಕಣ್ಣು ಆ ಪ್ರಖರತೆಗೇ ಹೊಂದಿಕೊಂಡಿರುತ್ತದೆ. ಜೊತೆಗೆ ಬೆನ್ನ ಹಿಂದಿನ ಕಿಟಕಿಯ ಬೆಳಕು ನೇತ್ರಮಸೂರದಲ್ಲಿ ಪ್ರತಿಫಲಿಸಿ ದೃಶ್ಯವನ್ನು ಇನ್ನಷ್ಟು ಮಂಕಾಗಿಸುತ್ತದೆ. ಬೀಜಾಣು ತಪ್ಪಿಹೋಗುವುದು ಇಂತಹ ಸಂದರ್ಭದಲ್ಲಿಯೇ.

ಕನ್ನಡಿಯ ಮೂಲಕ ಹಗಲು ಬೆಳಕನ್ನು ಬಳಸುತ್ತಿದ್ದ ಕಾಲದಲ್ಲಿ ಮೇಜುಗಳನ್ನು ಉತ್ತರದ ಕಿಟಕಿಯತ್ತ ಇಡಬೇಕೆಂಬ ನಿಯಮ ಯುರೋಪಿನಿಂದ ಬಂದಿತು. ಅದನ್ನು ಇಲ್ಲಿ ಹಾಗೆಯೇ ಒಪ್ಪಲಾಗದು. ಕೊಳ್ಳೇಗಾಲ ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಉತ್ತರಕ್ಕೇ ಇರುತ್ತಾನೆ. ಆ ಬಿಸಿಲನ್ನು ಸಜ್ಜಾ ತಡೆಯಬಲ್ಲದು. ಆದರೆ ಜೂನ್‌ನಲ್ಲಿ ಸೂರ್ಯೋದಯವು ಪೂರ್ವದಿಂದ ಸುಮಾರು 24 ಡಿಗ್ರಿ ಉತ್ತರಕ್ಕೆ ಆಗುವುದರಿಂದ, ಬೆಳಿಗ್ಗೆ ಮತ್ತು ಸಂಜೆಯ ಓರೆ ಬಿಸಿಲು ಸಜ್ಜಾದ ಕೆಳಗಿನಿಂದ ಒಳನುಗ್ಗುತ್ತದೆ. ಇದಕ್ಕೆ ಕಿಟಕಿಯ ಪಕ್ಕಗಳಲ್ಲಿ ಲಂಬವಾದ ತಡೆಗೋಡೆ ಬೇಕು.

ವಿದ್ಯುದ್ದೀಪವುಳ್ಳ ಸೂಕ್ಷ್ಮದರ್ಶಕಗಳಿಗೆ ಹಗಲು ಬೆಳಕಿನ ಅಗತ್ಯವಿಲ್ಲ. ಹಾಗೆಂದು ಕೊಠಡಿಯನ್ನು ಕತ್ತಲಾಗಿಸುವುದೂ ಸರಿಯಲ್ಲ. ಗಾಜಿನ ಪಟ್ಟಿಯ ಸಂಖ್ಯೆಗೂ ಮೊಟ್ಟೆಯ ಹಾಳೆಯ ಸಂಖ್ಯೆಗೂ ತಾಳೆಯಾಗಬೇಕು. ಒಂದು ಅಂಕಿ ತಪ್ಪಿದರೆ ಒಳ್ಳೆಯ ಮೊಟ್ಟೆ ನಾಶವಾಗಿ, ರೋಗದ ಮೊಟ್ಟೆ ರೈತನ ಮನೆ ಸೇರುತ್ತದೆ. ಆದ್ದರಿಂದ ಸಾಮಾನ್ಯ ಬೆಳಕನ್ನು ತಗ್ಗಿಸಿ, ನೋಂದಣಿ ಪುಸ್ತಕದ ಮೇಲೆ ಮಾತ್ರ ಬೀಳುವಂತೆ ಮರೆಯುಳ್ಳ ಸಣ್ಣ ದೀಪವನ್ನು ಪ್ರತಿ ಮೇಜಿಗೂ ಇಡುವುದು ಸೂಕ್ತ. ಗೋಡೆಗೆ ಹೊಳಪಿಲ್ಲದ ಬಣ್ಣವಿರಬೇಕು.

ಸ್ವಚ್ಛತೆಯೊಂದಿಗಿನ ತೊಡಕು

ಬೆಳಕನ್ನು ತಡೆಯಲು ದಪ್ಪ ಬಟ್ಟೆಯ ಪರದೆ ಸುಲಭೋಪಾಯವೆನಿಸಿದರೂ ಅದು ಧೂಳನ್ನೂ ಬೀಜಾಣುಗಳನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಒಣಗಿದ ಬೀಜಾಣುಗಳು ದೀರ್ಘಕಾಲ ಸೋಂಕುಕಾರಕವಾಗಿಯೇ ಉಳಿಯಬಲ್ಲವು. ತೊಳೆದು ಸೋಂಕು ನಿವಾರಿಸಬಹುದಾದ ಪ್ಲಾಸ್ಟಿಕ್ ಅಥವಾ ಲೋಹದ ಮರೆಯೇ ಮೇಲು. ಚಿಟ್ಟೆ ಅರೆಯುವ ಜಾಗವನ್ನು ಪ್ರತ್ಯೇಕ ಕೊಠಡಿಯಲ್ಲಿಡಬೇಕು. ಕಿಟಕಿಗಳನ್ನೆಲ್ಲ ಮುಚ್ಚಿದರೆ ಬೇಸಿಗೆಯಲ್ಲಿ ಸೆಕೆ ತಡೆಯಲಾಗದು. ನೇರ ಬೆಳಕು ಬಾರದಂತೆ ಬಾಗಿಸಿದ ಗಾಳಿಕಂಡಿಗಳು ಅಗತ್ಯ.