ನಿಲ್ಲದ ಕಿಟಕಿ ಏಸಿ

ದೆಹಲಿಯ ಲೋಧಿ ಕಾಲೋನಿ, 1940ರ ದಶಕದ ಸರ್ಕಾರಿ ಕ್ವಾರ್ಟರ್ಸ್. ಇಂಥ ಮನೆಯ ಹಳೇ ಕಿಟಕಿ ಏಸಿಯ ನಾಬ್ ಎಲ್ಲಿಗೆ ತಿರುಗಿಸಿದರೂ ಕಂಪ್ರೆಸರ್ ನಿಲ್ಲುತ್ತಿಲ್ಲವೇ? ಮೊದಲ ಅನುಮಾನ ಥರ್ಮೋಸ್ಟಾಟ್ ಮೇಲಿರಲಿ.

ಅದನ್ನು ಬದಲಿಸುವ ಮುಂಚೆ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗೇ ಕೀಳಿ. ಕೆಪಾಸಿಟರ್ ಆಮೇಲೂ ಶಾಕ್ ಹೊಡೆಯುತ್ತೆ, ದಯವಿಟ್ಟು ಮುಟ್ಟಬೇಡಿ. ಥರ್ಮೋಸ್ಟಾಟಿನ ವೈರು ಬಿಚ್ಚುವ ಮುಂಚೆ ಫೋಟೊ ತೆಗೆದಿಟ್ಟುಕೊಳ್ಳಿ. ಸಾಮಾನ್ಯವಾಗಿ ಎರಡೇ ವೈರು: ಒಂದು ಸೆಲೆಕ್ಟರ್ ಸ್ವಿಚ್ಚಿನಿಂದ ಬರುತ್ತೆ, ಇನ್ನೊಂದು ಕಂಪ್ರೆಸರ್ ಕಡೆ ಹೋಗುತ್ತೆ.

ಥರ್ಮೋಸ್ಟಾಟಿನಿಂದ ಹೊರಡುವ ಸಣ್ಣ ತಾಮ್ರದ ಕೊಳವೆ ನೋಡಿ. ಅದರ ಜೀವ ಇದರಲ್ಲೇ ಇದೆ. ಒಳಗಿನ ಗ್ಯಾಸ್ ತಣ್ಣಗಾದರೆ ಒತ್ತಡ ಇಳಿದು ಕರೆಂಟ್ ಕಟ್ ಆಗುತ್ತೆ. ಕೊಳವೆ ಮುರಿಯುವಂತೆ ಮಡಚಿದರೆ ಹೊಸದೂ ಹಾಳು. ತುದಿ ಕೂಲಿಂಗ್ ಕಾಯಿಲ್ ಮುಂದೆ, ರೂಮಿನ ಗಾಳಿ ಒಳಗೆಳೆಯುವ ಕಡೆ, ಕ್ಲಿಪ್ಪಿನಲ್ಲಿ ನಿಲ್ಲಬೇಕು. ಕಾಯಿಲ್‌ಗೆ ತಾಗಿತೋ, ರೂಮು ತಣ್ಣಗಾಗುವ ಮೊದಲೇ ಕಂಪ್ರೆಸರ್ ನಿಂತುಬಿಡುತ್ತೆ.

ವೈರಿನ ತುದಿ ಸುಟ್ಟು ಕಪ್ಪಾಗಿದ್ದರೆ ಅಲ್ಲಿಗೇ ನಿಲ್ಲಿಸಿ, ಮೆಕ್ಯಾನಿಕ್‌ನ ಕರೆಸಿ.